ಜೇಮ್ಸ್ ಪ್ರೆಸ್ಕಾಟ್ ಜೌಲ್

ಬಲವನ್ನು ದೂರದಿಂದ ಗುಣಿಸಿದರೆ ಕೆಲಸದ ಅಳತೆ ದೊರೆಯುವುದೆಂದು ನಾವೆಲ್ಲರೂ ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆ ಅಳತೆಯ ಮಾನಕ್ಕೆ ಜೌಲ್ ಎಂದು ಹೆಸರು. ಅದು ಒಬ್ಬ ಮನುಷ್ಯನ ಹೆಸರೆಂಬುದು ಕಲಾವಿಭಾಗದ ವಿದ್ಯಾರ್ಥಿಯಾದ ನನಗೆ ಬಹುಕಾಲ ತಿಳಿದಿರಲಿಲ್ಲ.

ಜೌಲನು 1818ನೆಯ ಇಸವಿ ಡಿಸೆಂಬರ್ 24ರಂದು ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ಜನಿಸಿದನು. ತಂದೆಗೆ ಬಿಯರ್ ತಯಾರಿಸುವ ಕಾರ್ಖಾನೆಯಿದ್ದಿತು. ಪರಮಾಣುವಾದಕ್ಕೆ ಹೆಸರಾದ ಜಾನ್ ಡಾಲ್ಟನನು ಈ ಬಾಲಕನಿಗೆ ಗಣಿತ ಕಲಿಸಿದನು. ಆದರೆ ವಿಶ್ವವಿದ್ಯಾಲಯದ ವ್ಯಾಸಂಗ ಅವನಿಗೆ ಒದಗಲಿಲ್ಲ. ಕಾರ್ಖಾನೆಯ ಕೆಲಸದ ನಡುವೆಯೇ ಅವನು ಪ್ರಯೋಗಗಳನ್ನು ನಡೆಸಿದನು.

ಉಷ್ಣವೆಂಬುದು ತೂಕವಿಲ್ಲದ ಒಂದು ದ್ರವವೆಂದು ಆಗ ಅನೇಕ ಪಂಡಿತರು ನಂಬಿದ್ದರು. ಮಾಡಿದ ಕೆಲಸವೇ ಉಷ್ಣವಾಗಿ ಮಾರ್ಪಡುವುದೆಂದು ಜೌಲನು ಸಾಧಿಸಹೊರಟನು. ತಾಮ್ರದ ಪಾತ್ರೆಯಲ್ಲಿ ನೀರು ತುಂಬಿ, ಅದರೊಳಗೆ ರೆಕ್ಕೆಗಳುಳ್ಳ ಚಕ್ರವನ್ನಿಟ್ಟನು. ಹಗ್ಗಕ್ಕೆ ಕಟ್ಟಿದ ತೂಕದ ಗುಂಡುಗಳು ಕೆಳಗಿಳಿದಂತೆ ಚಕ್ರ ತಿರುಗಿ ನೀರನ್ನು ಕಡೆಯುತ್ತಿತ್ತು. ಗುಂಡುಗಳ ಭಾರವೇ ಬಲ. ಅವು ಇಳಿದುದೇ ದೂರ. ಎರಡರ ಗುಣಲಬ್ಧವೇ ಕೆಲಸ. ಮತ್ತೆ ಮತ್ತೆ ಇಳಿಸಿದರೂ ನೀರಿನ ಉಷ್ಣತೆ ಏರುತ್ತಿದ್ದುದು ಒಂದು ಡಿಗ್ರಿಗಿಂತಲೂ ಕಡಿಮೆ. ಅದನ್ನೂ ಅವನು ಬಿಡದೆ ಅಳೆದನು.

1843ರಲ್ಲಿ ಕಾರ್ಕ್ ನಗರದ ವಿಜ್ಞಾನ ಸಭೆಯಲ್ಲಿ ಅವನ ವಿಚಾರವನ್ನು ಕೇಳಿದವರು ಮೌನವಾಗಿದ್ದರು. 1847ರಲ್ಲಿ ಆಕ್ಸ್‌ಫರ್ಡಿನಲ್ಲಿ ಚುಟುಕಾಗಿ ಮುಗಿಸುವಂತೆ ಅಧ್ಯಕ್ಷರು ಸೂಚಿಸಿದರು. ಅಲ್ಲಿದ್ದ ವಿಲಿಯಂ ಥಾಮ್ಸನ್ ಎಂಬ ತರುಣ ಪ್ರಾಧ್ಯಾಪಕನು ಅದರ ಮಹತ್ವವನ್ನು ಗುರುತಿಸಿದನು. ಇವನೇ ಮುಂದೆ ಕೆಲ್ವಿನ್ ಪ್ರಭುವೆನಿಸಿದನು. ಒಂದು ಪೌಂಡು ನೀರಿನ ಉಷ್ಣತೆಯನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಏರಿಸಲು 772 ಪೌಂಡು ಭಾರ ಒಂದು ಅಡಿ ಇಳಿಯಬೇಕೆಂದು 1850ರಲ್ಲಿ ಜೌಲನು ಪ್ರಕಟಿಸಿದನು. ಇಂದಿನ ಲೆಕ್ಕದಲ್ಲಿ ಅದು ಸುಮಾರು 778. ಅದೇ ವರ್ಷ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. 1889ರ ಅಕ್ಟೋಬರ್ 11ರಂದು ಅವನು ಕಾಲವಾದನು. ಅವನ ಸಮಾಧಿಯ ಕಲ್ಲಿನ ಮೇಲೆ 772.55 ಎಂಬ ಅಂಕಿಯನ್ನು ಕೆತ್ತಿದ್ದಾರೆ.

ಹತ್ತು ಕಿಲೋಗ್ರಾಂ ತೂಗುವ ತುಂಬಿದ ಕೊಡವನ್ನು ಹತ್ತು ಮೀಟರು ಆಳದ ಬಾವಿಯಿಂದ ಮೇಲೆತ್ತಿದರೆ ಸುಮಾರು 980 ಜೌಲ್ ಕೆಲಸವಾಗುತ್ತದೆ. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ನನ್ನ ತಾಯಿ ದಿನವೂ ಸೇದಿದ ನೀರಿಗೂ ಒಂದು ಲೆಕ್ಕವುಂಟೆಂದು, ಅದು ಎಲ್ಲಿಯೂ ಕಳೆದುಹೋಗಿಲ್ಲವೆಂದು, ಪದವಿಯಿಲ್ಲದ ಈ ಮಹನೀಯನಿಂದ ತಿಳಿದೆನು.