ಕಾಡಿನ ಲೆಕ್ಕ ಬಲ್ಲ ಗೌರಾದೇವಿ

ಸ್ಪರ್ಧಾತ್ಮಕ ಪರೀಕ್ಷೆಯ ಯಾವ ಗೈಡ್ ತೆರೆದರೂ ಚಿಪ್ಕೊ ಚಳವಳಿಯ ಮುಂದೆ ಸುಂದರಲಾಲ್ ಬಹುಗುಣ ಅವರ ಹೆಸರಿರುತ್ತದೆ. ಗೈಡ್ ಸ್ವಲ್ಪ ದಪ್ಪಗಿದ್ದರೆ ಚಂಡಿ ಪ್ರಸಾದ್ ಭಟ್ ಅವರ ಹೆಸರೂ ಸಿಕ್ಕೀತು. ಇಬ್ಬರೂ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಡಲಿ ಹಿಡಿದು ಬಂದವರನ್ನು ನಿಜಕ್ಕೂ ಎದುರಿಸಿ ನಿಂತ ಗೌರಾದೇವಿಯ ಹೆಸರನ್ನು ಹುಡುಕಬೇಕು. ಅರ್ಥಶಾಸ್ತ್ರ ಓದುತ್ತಿರುವ ನನಗೆ ಅವರ ಧೈರ್ಯಕ್ಕಿಂತಲೂ ಹೆಚ್ಚು ಹಿಡಿಸಿದ್ದು ಅವರು ಹಾಕಿದ ಲೆಕ್ಕ.

ಗೌರಾದೇವಿ ಹುಟ್ಟಿದ್ದು 1925ರಲ್ಲಿ, ಈಗಿನ ಉತ್ತರಾಖಂಡದ ಚಮೋಲಿ ಜಿಲ್ಲೆಯ ಲಾತಾ ಎಂಬ ಹಳ್ಳಿಯಲ್ಲಿ. ನಂದಾದೇವಿ ಪರ್ವತದ ಮಗ್ಗುಲಿನ ಊರದು. ಅವರದು ಭೋಟಿಯಾ ಸಮುದಾಯ. ಶಾಲೆಯ ಮುಖ ನೋಡಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಹತ್ತಿರದ ರೇಣಿ ಗ್ರಾಮದ ಮೆಹರ್ಬಾನ್ ಸಿಂಗ್ ಅವರೊಂದಿಗೆ ಮದುವೆಯಾಯಿತು. ಇಪ್ಪತ್ತೆರಡಕ್ಕೆ ಗಂಡ ತೀರಿಕೊಂಡರು. ಕೈಯಲ್ಲಿ ಎರಡೂವರೆ ವರ್ಷದ ಮಗು, ಮನೆಯಲ್ಲಿ ಅತ್ತೆ-ಮಾವ.

ಭೋಟಿಯಾಗಳ ಬದುಕು ಬರೀ ಹೊಲದ ಮೇಲೆ ನಿಂತದ್ದಲ್ಲ. ಟಿಬೆಟ್‌ನಿಂದ ಉಣ್ಣೆ, ಉಪ್ಪು ತಂದು ಇಲ್ಲಿಂದ ಧಾನ್ಯ ಕೊಂಡೊಯ್ಯುವ ವ್ಯಾಪಾರ ಅವರದು. ಗೌರಾದೇವಿಯ ಮನೆಯೂ ಹಾಗೆಯೇ ನಡೆಯುತ್ತಿತ್ತು. 1962ರ ಯುದ್ಧದಲ್ಲಿ ಗಡಿ ಮುಚ್ಚಿತು, ವ್ಯಾಪಾರವೂ ನಿಂತಿತು. ಊರಿನ ಕೆಲವು ಹೊಲಗಳನ್ನು ಸೈನ್ಯಕ್ಕೆಂದು ತೆಗೆದುಕೊಂಡರು. ಆಮೇಲೆ ಆ ಜನರಿಗೆ ಉಳಿದದ್ದು ತುಂಡು ಜಮೀನು, ಕೂಲಿ ಮತ್ತು ಕಾಡು. ಇಡೀ ಗುಡ್ಡಗಾಡಿನಲ್ಲಿ ಗಂಡಸರು ದುಡಿಮೆ ಹುಡುಕಿ ಬಯಲಿಗೆ ಇಳಿಯುತ್ತಿದ್ದ ಕಾಲ. ಸೌದೆ, ಮೇವು, ನೀರು, ಹೊಲದ ಗೊಬ್ಬರ ಎಲ್ಲವೂ ಹೆಂಗಸರ ಬೆನ್ನಿನ ಮೇಲೆ. ಕಾಡು ಒಂದು ಮೈಲಿ ಹಿಂದೆ ಸರಿದರೆ ಅವರ ದಿನದ ನಡಿಗೆ ಎರಡು ಮೈಲಿ ಹೆಚ್ಚುತ್ತಿತ್ತು. ಈ ನಡಿಗೆಗೆ ಕೂಲಿಯಿಲ್ಲ, ಹಾಗಾಗಿ ಯಾವ ಇಲಾಖೆಯ ಲೆಕ್ಕಪುಸ್ತಕದಲ್ಲೂ ಅದು ಬರುವುದಿಲ್ಲ. ಹರಾಜಿನಲ್ಲಿ ಮರಕ್ಕೆ ಬಂದ ಬೆಲೆ ಮಾತ್ರ ಪೈಸೆ ಸಮೇತ ದಾಖಲಾಗುತ್ತದೆ.

1970ರ ಜುಲೈನಲ್ಲಿ ಅಲಕನಂದಾ ಉಕ್ಕಿ ಹರಿಯಿತು. ಸೇತುವೆ, ರಸ್ತೆ, ಬಸ್ಸು, ಮನೆ, ಮನುಷ್ಯರು ಎಲ್ಲ ಕೊಚ್ಚಿಹೋದರು. ಬೆಟ್ಟದ ಮೇಲೆ ಮರ ಕಡಿದಲ್ಲೆಲ್ಲ ಮಣ್ಣು ಜಾರಿದ್ದನ್ನು ಜನ ಕಣ್ಣಾರೆ ಕಂಡರು. 1973ರಲ್ಲಿ ಮಂಡಲ್ ಹಳ್ಳಿಯ ಕಡೆ ಇನ್ನೊಂದು ಘಟನೆ ನಡೆಯಿತು. ನೇಗಿಲಿನ ಸಾಮಾನಿಗೆಂದು ಹಳ್ಳಿಗರು ಕೇಳಿದ ಮರವನ್ನು ಅರಣ್ಯ ಇಲಾಖೆ ಕೊಡಲಿಲ್ಲ. ಅದೇ ಜಾತಿಯ ಮರಗಳನ್ನು ಅಲಹಾಬಾದಿನ ಕ್ರೀಡಾ ಸಾಮಗ್ರಿ ಕಂಪನಿಗೆ ಕೊಟ್ಟಿತು. ಮರ ತಬ್ಬಿಕೊಳ್ಳುವ ಉಪಾಯ ಹೊಳೆದದ್ದು ಆಗಲೇ. ಚಂಡಿ ಪ್ರಸಾದ್ ಭಟ್ ಅವರು ಊರೂರು ತಿರುಗಿ ಈ ವಿಷಯ ಹೇಳುತ್ತಿದ್ದರು. ಅಷ್ಟರಲ್ಲಿ ಗೌರಾದೇವಿ ರೇಣಿಯ ಮಹಿಳಾ ಮಂಗಲ ದಳದ ಅಧ್ಯಕ್ಷೆಯಾಗಿದ್ದರು.

1974ರ ಆರಂಭದಲ್ಲಿ ರೇಣಿಯ ಕಾಡಿನ ಸುಮಾರು 2,500 ಮರಗಳು ಹರಾಜಾದವು. ಮಾರ್ಚ್ 26ರಂದು ಊರಿನ ಗಂಡಸರನ್ನೆಲ್ಲ ಚಮೋಲಿಗೆ ಕರೆಸಲಾಯಿತು. ಸೈನ್ಯಕ್ಕೆ ಹೋದ ಹೊಲಗಳ ಪರಿಹಾರ ಕೊಡುತ್ತಾರೆಂಬ ಕರೆ ಅದು. ವರ್ಷಗಟ್ಟಲೆ ಬಾಕಿಯಿದ್ದ ಹಣಕ್ಕೆ ಅದೇ ದಿನ ಮುಹೂರ್ತ ಬಂತು! ಭಟ್ ಅವರನ್ನು ಅರಣ್ಯಾಧಿಕಾರಿಗಳು ಗೋಪೇಶ್ವರದಲ್ಲೇ ಮಾತುಕತೆಗೆ ಕೂರಿಸಿಕೊಂಡಿದ್ದರು. ಇತ್ತ ಗುತ್ತಿಗೆದಾರನ ಕೂಲಿಯಾಳುಗಳು ಸದ್ದಿಲ್ಲದೆ ಕಾಡಿನ ದಾರಿ ಹಿಡಿದರು. ಅದನ್ನು ಕಂಡ ಹುಡುಗಿಯೊಬ್ಬಳು ಓಡಿಬಂದು ಗೌರಾದೇವಿಗೆ ತಿಳಿಸಿದಳು. ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಇಪ್ಪತ್ತೇಳು ಹೆಂಗಸರು, ಹೆಣ್ಣುಮಕ್ಕಳು ಹೊರಟರು.

ಮುಂದಿನದನ್ನು ಹಲವರು ವೀರಗಾಥೆಯಂತೆ ಬರೆಯುತ್ತಾರೆ. ಕುಡಿದಿದ್ದ ಒಬ್ಬ ಬಂದೂಕು ತೋರಿಸಿದ, ಗೌರಾದೇವಿ ಎದೆಯೊಡ್ಡಿ ನಿಂತರು. ಅದು ನಡೆದದ್ದು ನಿಜ. ಆದರೆ ಕೂಲಿಯವರೊಂದಿಗೆ ಅವರು ಹೇಗೆ ಮಾತಾಡಿದರು ಎನ್ನುವುದು ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಹಿಮಾಚಲದಿಂದ ಬಂದಿದ್ದ ಆ ಆಳುಗಳು ಅಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಅವರನ್ನು ಅಣ್ಣತಮ್ಮಂದಿರೆಂದೇ ಕರೆದು, ಈ ಕಾಡು ತಮಗೆ ತವರು, ಇದು ಹೋದರೆ ಗುಡ್ಡ ಜಾರಿ ಮನೆ-ಹೊಲ ಹೋಗುತ್ತದೆ, ಊಟ ಮುಗಿಸಿ ತಮ್ಮ ಜೊತೆಗೇ ಕೆಳಗಿಳಿಯಿರಿ ಎಂದು ತಿಳಿಸಿ ಹೇಳಿದರು. ಬಂದೂಕು ತೋರಿಸಿದವನ ಕೆಲಸ ಹೋದೀತೆಂದು, ಮರುದಿನ ಗಂಡಸರು ಹಿಂತಿರುಗಿದಾಗ ಆ ಸಂಗತಿಯನ್ನೇ ಈ ಹೆಂಗಸರು ಬಾಯಿಬಿಡಲಿಲ್ಲ ಎನ್ನುತ್ತಾರೆ. ಕೊಡಲಿ ಹಿಡಿದವನೂ ತಮ್ಮಂತೆ ಬಡವ, ಲಾಭದವನು ಬೇರೆಲ್ಲೋ ಕುಳಿತಿದ್ದಾನೆ ಎಂಬುದು ಅವರಿಗೆ ಗೊತ್ತಿತ್ತು. ಕಾಡಿಗೆ ಹೋಗುವ ದಾರಿಯನ್ನು ಕೆಡವಿ, ರಾತ್ರಿಯಿಡೀ ಕಾವಲು ಕುಳಿತರು. ಕೆಲವೇ ದಿನಗಳಲ್ಲಿ ಗುತ್ತಿಗೆದಾರನ ಜನ ಜಾಗ ಖಾಲಿ ಮಾಡಿದರು.

ತವರು ಎಂಬ ಆ ಮಾತನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಡನ ಮನೆಯಲ್ಲಿ ಏನೂ ಇಲ್ಲದಾಗ ಕೈ ಹಿಡಿಯುವ ಜಾಗ ಅದು. ಇಪ್ಪತ್ತೆರಡಕ್ಕೆ ವಿಧವೆಯಾದವರ ಬಾಯಲ್ಲಿ ಅದು ಬರೀ ಭಾವುಕತೆಯಲ್ಲ, ಜೀವವಿಮೆಯ ಹಾಗೆ. ಶಿರಸಿಯ ಕಡೆ ಸೊಪ್ಪಿನ ಬೆಟ್ಟದಿಂದ ದರಕು ಹೊತ್ತು ಬೆಳೆದ ನನ್ನ ಅಜ್ಜಿಯ ಮಾತಿನಲ್ಲೂ ಬೆಟ್ಟವೆಂದರೆ ಸೊಪ್ಪು, ನೀರು, ಸೌದೆ. ಕ್ಯೂಬಿಕ್ ಮೀಟರ್ ಅಲ್ಲ. 1983ರ ಸೆಪ್ಟೆಂಬರ್‌ನಲ್ಲಿ ನಮ್ಮ ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರ ಅಪ್ಪಿಕೊಂಡದ್ದು ಅದೇ ಹಿಮಾಲಯದ ದಾರಿಯಲ್ಲಿ.

ರೇಣಿಯ ಸುದ್ದಿ ಹಬ್ಬಿದ ಮೇಲೆ ಸರ್ಕಾರ ಸಸ್ಯವಿಜ್ಞಾನಿ ವೀರೇಂದ್ರ ಕುಮಾರ್ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಎರಡು ವರ್ಷ ನೋಡಿ ಸಮಿತಿ ಹೇಳಿದ್ದು ಆ ಹೆಂಗಸರು ಹೇಳಿದ್ದನ್ನೇ. ಸುಮಾರು 1,200 ಚದರ ಕಿ.ಮೀ. ಪ್ರದೇಶದಲ್ಲಿ ಹತ್ತು ವರ್ಷ ಮರ ಕಡಿಯುವುದು ನಿಂತಿತು.

ಅದೇ 1974ರಲ್ಲಿ ಫ್ರಾನ್ಸಿನ ಲೇಖಕಿ ಫ್ರಾನ್ಸ್ವಾಸ್ ದೋಬಾನ್ ಇಕೋಫೆಮಿನಿಸಂ ಎಂಬ ಪದವನ್ನು ಬಳಕೆಗೆ ತಂದರು. ಮುಂದೆ ವಂದನಾ ಶಿವ ಅವರಂಥವರು ಚಿಪ್ಕೊ ಹೆಂಗಸರನ್ನು ಆ ವಿಚಾರಕ್ಕೆ ಉದಾಹರಣೆಯಾಗಿಸಿದರು. ಹೆಣ್ಣು ಹುಟ್ಟಿನಿಂದಲೇ ಪ್ರಕೃತಿಗೆ ಹತ್ತಿರ ಎನ್ನುವುದನ್ನು ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಒಪ್ಪಲಿಲ್ಲ. ಯಾರು ಯಾವ ಕೆಲಸ ಮಾಡುತ್ತಾರೆ, ಆಸ್ತಿ ಯಾರ ಹೆಸರಲ್ಲಿದೆ ಎಂಬುದರಿಂದ ಆ ನಂಟು ಹುಟ್ಟುತ್ತದೆ ಎಂಬುದು ಅವರ ವಾದ. ನನ್ನ ಮತ ಬೀನಾ ಅವರಿಗೆ. ಗೌರಾದೇವಿಯ ಬದುಕನ್ನು ಓದಿದರೆ ಸೌದೆ ಹೊರೆಯ ಭಾರವೇ ಮೊದಲು ಕಾಣುತ್ತದೆ.

ಕಾಡು ಉಳಿಯಿತು, ಆದರೆ ಆಮೇಲೆ ಆದದ್ದನ್ನು ಹೆಚ್ಚು ಜನ ಹೇಳುವುದಿಲ್ಲ. 1982ರಲ್ಲಿ ನಂದಾದೇವಿ ರಾಷ್ಟ್ರೀಯ ಉದ್ಯಾನವಾಯಿತು. ಕಾಡು ಉಳಿಸಿದ ಊರುಗಳ ಕುರಿ-ದನಗಳಿಗೇ ಒಳಗೆ ಪ್ರವೇಶವಿಲ್ಲದಂತಾಯಿತು. ಪರ್ವತಾರೋಹಿಗಳಿಗೆ ಹೊರೆ ಹೊತ್ತು ಸಿಗುತ್ತಿದ್ದ ಕಾಸೂ ನಿಂತಿತು. ಮೊದಲು ಗುತ್ತಿಗೆದಾರ, ಆಮೇಲೆ ಸಂರಕ್ಷಣೆ. ಎರಡು ಸಲವೂ ನಷ್ಟ ಬರೆದದ್ದು ಅದೇ ಮನೆಗಳ ಖಾತೆಗೆ. 1986ರಲ್ಲಿ ಗೌರಾದೇವಿಗೆ ವೃಕ್ಷಮಿತ್ರ ಪ್ರಶಸ್ತಿ ಬಂತು. 1991ರ ಜುಲೈ 4ರಂದು ಅವರು ತೀರಿಕೊಂಡರು. 1998ರಲ್ಲಿ ಅವರ ತವರು ಲಾತಾದ ಜನ ಕಿತ್ತುಕೊಳ್ಳಿ ಎಂಬರ್ಥದ ‘ಝಪಟೋ ಛೀನೋ’ ಹೆಸರಿನಲ್ಲಿ ಹಕ್ಕು ಕೇಳಿ ಬೀದಿಗಿಳಿದರು.

2021ರ ಫೆಬ್ರುವರಿ 7ರಂದು ರೇಣಿಯ ಕೆಳಗೆ ಹರಿಯುವ ಋಷಿಗಂಗೆ ಉಕ್ಕಿ ಅಲ್ಲಿನ ಜಲವಿದ್ಯುತ್ ಯೋಜನೆಯನ್ನು ಅಳಿಸಿಹಾಕಿತು. ಆ ಪ್ರವಾಹದಲ್ಲಿ ಸತ್ತವರು, ಕಾಣೆಯಾದವರು ಇನ್ನೂರಕ್ಕೂ ಹೆಚ್ಚು. ಆ ಯೋಜನೆ ಬೇಡವೆಂದು ಊರಿನವರು ಮೊದಲೇ ಹೈಕೋರ್ಟಿಗೆ ಹೋಗಿದ್ದರು. ಅದೇ ವರ್ಷದ ಮಳೆಗೆ ಊರಿನ ನೆಲ ಬಿರುಕು ಬಿಟ್ಟು, ರೇಣಿಯಲ್ಲಿದ್ದ ಗೌರಾದೇವಿಯ ಪ್ರತಿಮೆಯನ್ನು ಕಿತ್ತು ಜೋಶಿಮಠಕ್ಕೆ ಸಾಗಿಸಬೇಕಾಯಿತು. 2023ರ ಜನವರಿಯಲ್ಲಿ ಜೋಶಿಮಠದ ಮನೆಗಳೂ ಬಿರುಕು ಬಿಟ್ಟವು.