ವಕೀಲರಾಗಬಯಸುವಿರಾ? ಬದ್ರುದ್ದೀನ್ ತಯ್ಯಬ್‌ಜಿಯವರನ್ನು ಅರಿಯಿರಿ



ಪಿ.ಯು.ಸಿ. ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಡಾಕ್ಟರೋ, ಇಂಜಿನಿಯರೋ? ಎರಡೂ ಆಗದಿದ್ದರೆ ಬಿ.ಕಾಂ., ಇಲ್ಲವೇ ಗಲ್ಫ್. ಕಾನೂನು ಓದುತ್ತೇನೆ ಎನ್ನುವ ಮಕ್ಕಳು ಕಡಿಮೆ, ಅದಕ್ಕೆ ಸಂತೋಷದಿಂದ ಒಪ್ಪುವ ಹೆತ್ತವರು ಇನ್ನೂ ಕಡಿಮೆ. ಸುಳ್ಳು ಹೇಳದೆ ವಕೀಲಿಕೆ ನಡೆಯದು, ಕೋರ್ಟು ಕಚೇರಿಯ ಸಹವಾಸ ಮರ್ಯಾದಸ್ಥರಿಗೆ ಬೇಡ ಎಂಬ ಮಾತು ನೀವೂ ಕೇಳಿರುತ್ತೀರಿ. ಹಾಗೆ ಹೇಳುವವರಿಗೆ ಉತ್ತರವಾಗಿ ನಿಲ್ಲುವ ಒಂದು ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಬದ್ರುದ್ದೀನ್ ತಯ್ಯಬ್‌ಜಿ 1844ರ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ತಯ್ಯಬ್ ಅಲಿ ಸುಲೇಮಾನಿ ಬೋಹ್ರಾ ಪಂಗಡದ ವರ್ತಕರು. ಇಂಗ್ಲಿಷ್ ವಿದ್ಯೆಯನ್ನು ಸಮುದಾಯ ಸಂಶಯದಿಂದ ನೋಡುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಗಂಡುಮಕ್ಕಳನ್ನು ಯುರೋಪಿಗೆ ಕಳುಹಿಸಿ ಓದಿಸಿದರು. ಬದ್ರುದ್ದೀನರ ಅಣ್ಣ ಕಮರುದ್ದೀನ್ ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆದ ಮೊದಲ ಭಾರತೀಯ. ಬದ್ರುದ್ದೀನ್ ಮದ್ರಸದಲ್ಲಿ ಅಕ್ಷರ ಕಲಿತು, ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಓದು ಮುಂದುವರಿಸಿ, 1860ರಲ್ಲಿ, ಇನ್ನೂ ಹದಿಹರೆಯದಲ್ಲಿ, ಇಂಗ್ಲೆಂಡಿಗೆ ಹಡಗು ಹತ್ತಿದರು.

ದಾರಿ ಸುಗಮವಾಗಿರಲಿಲ್ಲ. ಪುಸ್ತಕವೇ ಬದುಕಾಗಬೇಕಾದ ವಯಸ್ಸಿನಲ್ಲಿ ಕಣ್ಣಿನ ಕಾಯಿಲೆ ಕಾಡಿತು. ಲಂಡನ್ನಿನ ಮಿಡ್ಲ್ ಟೆಂಪಲ್‌ಗೆ ಸೇರಿದ ಮೇಲೂ ಕಾಯಿಲೆಯಿಂದಾಗಿ 1864ರಲ್ಲಿ ಓದು ನಿಲ್ಲಿಸಿ ಊರಿಗೆ ಮರಳಬೇಕಾಯಿತು. ಅಲ್ಲಿಗೇ ಬಿಟ್ಟಿದ್ದರೆ ಯಾರೂ ದೂರುತ್ತಿರಲಿಲ್ಲ. ಅವರು ಮರುವರ್ಷವೇ ಮತ್ತೆ ಲಂಡನ್ನಿಗೆ ಹೋದರು. 1867ರಲ್ಲಿ ಬ್ಯಾರಿಸ್ಟರ್ ಆಗಿ ಹಿಂದಿರುಗಿ, ಮುಂಬಯಿ ಹೈಕೋರ್ಟಿನ ಮೊದಲ ಭಾರತೀಯ ಬ್ಯಾರಿಸ್ಟರ್ ಎನಿಸಿದರು. ಬ್ರಿಟಿಷ್ ಬ್ಯಾರಿಸ್ಟರುಗಳದ್ದೇ ಆಗಿದ್ದ ಆ ಅಂಗಳದಲ್ಲಿ ಹೆಸರು ಗಳಿಸಲು ಅವರಿಗಿದ್ದ ಬಂಡವಾಳ ಪರಿಶ್ರಮ ಮತ್ತು ಪ್ರಾಮಾಣಿಕತೆ ಮಾತ್ರ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ನಮ್ಮ ಕಡೆಯ ಮೇಲ್ಮನವಿಗಳೂ ಅದೇ ಹೈಕೋರ್ಟಿಗೆ ಹೋಗುತ್ತಿದ್ದವು ಎಂಬುದನ್ನು ನೆನಪಿಡಿ.

ವೃತ್ತಿ ಕೈಹಿಡಿದ ಮೇಲೆ ಅವರು ಸಂಪಾದನೆಯಲ್ಲೇ ಮುಳುಗಲಿಲ್ಲ. 1874ರಲ್ಲಿ ಸಹೋದರ ಕಮರುದ್ದೀನ್ ಮತ್ತು ಇತರರೊಂದಿಗೆ ಸೇರಿ ಅಂಜುಮನ್-ಎ-ಇಸ್ಲಾಂ ಸಂಸ್ಥೆಯನ್ನು ಕಟ್ಟಿದರು. 1880ರಲ್ಲಿ ಅದರ ಶಾಲೆ ಆರಂಭವಾಯಿತು. ಧರ್ಮವಿದ್ಯೆ ಮತ್ತು ಆಧುನಿಕ ವಿದ್ಯೆ ಒಂದಕ್ಕೊಂದು ಶತ್ರುವಲ್ಲ ಎಂಬುದನ್ನು ಅವರು ಭಾಷಣದಲ್ಲಿ ಮಾತ್ರವಲ್ಲ, ಶಾಲೆ ನಡೆಸಿ ತೋರಿಸಿದರು. ಹೆಣ್ಣುಮಕ್ಕಳನ್ನೂ ಹಿಂದೆ ಬಿಡಲಿಲ್ಲ. ತಮ್ಮ ಪುತ್ರಿಯರನ್ನು ಶಾಲೆಗೆ ಕಳುಹಿಸಿದರು. 1904ರಲ್ಲಿ ಇಬ್ಬರನ್ನು ಇಂಗ್ಲೆಂಡಿನ ಶಾಲೆಗೆ ಸೇರಿಸಿದರು.

1887ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ನಡೆದ ಕಾಂಗ್ರೆಸ್ಸಿನ ಮೂರನೆಯ ಅಧಿವೇಶನಕ್ಕೆ ಅವರು ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಮುಸ್ಲಿಮರು ಅವರೇ. ಮುಸ್ಲಿಮರು ಕಾಂಗ್ರೆಸ್ಸಿನಿಂದ ದೂರವಿರಬೇಕೆಂಬುದು ಸರ್ ಸೈಯದ್ ಅಹ್ಮದ್ ಖಾನರ ನಿಲುವಾಗಿತ್ತು. ಇಬ್ಬರ ನಡುವೆ ಪತ್ರಗಳಲ್ಲಿ ವಾದ ನಡೆಯಿತು. ಸಮುದಾಯದ ವಿದ್ಯೆಗಾಗಿ ದುಡಿದ ಇಬ್ಬರು ಹಿರಿಯರು ಸಭ್ಯತೆ ಮೀರದೆ ಭಿನ್ನಾಭಿಪ್ರಾಯ ಹೊಂದಬಹುದೆಂಬುದಕ್ಕೆ ಅದೊಂದು ನಿದರ್ಶನ.

1895ರಲ್ಲಿ ಅವರು ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು. ನಿಜವಾದ ಪರೀಕ್ಷೆ ಬಂದದ್ದು ಎರಡು ವರ್ಷಗಳ ನಂತರ. 1897ರ ಜುಲೈಯಲ್ಲಿ 'ಕೇಸರಿ' ಪತ್ರಿಕೆಯ ಬರಹಗಳಿಗಾಗಿ ಬಾಲಗಂಗಾಧರ ತಿಲಕರನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸಲಾಯಿತು. ಪುಣೆಯಲ್ಲಿ ಬ್ರಿಟಿಷ್ ಅಧಿಕಾರಿ ರ್‍ಯಾಂಡ್ ಅವರ ಮೇಲೆ ಗುಂಡಿನ ದಾಳಿ ನಡೆದು ಸರಕಾರ ಕೆರಳಿದ್ದ ಸಮಯವದು. ಜಾಮೀನಿನ ಹಿಂದಿನ ಕೋರಿಕೆ ತಿರಸ್ಕೃತವಾಗಿತ್ತು. ಆಗಸ್ಟ್ 4ರಂದು ಅರ್ಜಿ ತಯ್ಯಬ್‌ಜಿಯವರ ಮುಂದೆ ಬಂತು. ತಿಲಕರದೂ ಅವರದೂ ಒಂದೇ ರಾಜಕೀಯ ದಾರಿಯಲ್ಲ. ಆದರೆ ನ್ಯಾಯಪೀಠದ ಮುಂದಿದ್ದ ಪ್ರಶ್ನೆ ಬೇರೆ: ಆರೋಪಿ ವಿಚಾರಣೆಗೆ ಹಾಜರಾಗುವನೇ? ಅಪರಾಧ ರುಜುವಾಗುವ ಮೊದಲೇ ಒಬ್ಬನನ್ನು ಸೆರೆಯಲ್ಲಿಟ್ಟು, ಕೊನೆಗೆ ಅವನು ನಿರ್ದೋಷಿಯೆಂದಾದರೆ ಕಳೆದ ದಿನಗಳನ್ನು ಮರಳಿ ಕೊಡುವವರು ಯಾರು? ತಯ್ಯಬ್‌ಜಿ ಜಾಮೀನು ನೀಡಿದರು. ಮುಂದೆ ಇನ್ನೊಬ್ಬ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆದು ತಿಲಕರಿಗೆ 18 ತಿಂಗಳ ಶಿಕ್ಷೆಯಾಯಿತು, ನಿಜ. ಆದರೂ ಆ ಜಾಮೀನಿನ ಮಹತ್ವ ಕುಂದಲಿಲ್ಲ. ಅಂದು ತಿಲಕರ ಪರವಾಗಿ ಜಾಮೀನು ಕೇಳಿದ್ದ ವಕೀಲ ದಾವರ್ ಅವರೇ 1908ರಲ್ಲಿ ನ್ಯಾಯಾಧೀಶರಾಗಿ ತಿಲಕರಿಗೆ ಜಾಮೀನು ನಿರಾಕರಿಸಿ, ಆರು ವರ್ಷಗಳ ಶಿಕ್ಷೆ ವಿಧಿಸಿದರು. ಕುರ್ಚಿ ಬದಲಾದಾಗ ನಿಲುವು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಇದರಿಂದ ತಿಳಿಯುತ್ತದೆ.

1902ರಲ್ಲಿ ತಯ್ಯಬ್‌ಜಿ ಹಂಗಾಮಿ ಮುಖ್ಯ ನ್ಯಾಯಾಧೀಶರಾದರು. 1906ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ಇಂದು ನೀವು ಕಾನೂನು ಓದಲು ಹಡಗು ಹತ್ತಬೇಕಾಗಿಲ್ಲ. ಪಿ.ಯು.ಸಿ. ನಂತರ ಐದು ವರ್ಷ, ಪದವಿಯ ನಂತರವಾದರೆ ಮೂರು ವರ್ಷ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು. ಪದವಿ ಪಡೆದವರು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮೊದಲ ಕೆಲವು ವರ್ಷ ಹಿರಿಯ ವಕೀಲರ ಕಚೇರಿಯಲ್ಲಿ ಕಡತ ಹೊತ್ತು ಕಲಿಯಬೇಕು; ಆಗ ಆದಾಯ ಅಲ್ಪ, ತಾಳ್ಮೆ ಬಹಳ ಬೇಕು. ಹೆತ್ತವರೂ ಆ ವರ್ಷಗಳಲ್ಲಿ ಮಕ್ಕಳಿಗೆ ಒತ್ತಾಸೆಯಾಗಿ ನಿಲ್ಲಬೇಕು.

ಆಸ್ತಿಪತ್ರ ಓದಲು ಬಾರದ ವಿಧವೆ, ಜಾಮೀನಿಗೆ ದಾರಿ ಕಾಣದ ಬಡವ, ಕೂಲಿ ಸಿಗದ ಕಾರ್ಮಿಕ ನಮ್ಮ ಊರುಗಳಲ್ಲೇ ಇದ್ದಾರೆ. ಅವರ ಪರವಾಗಿ ಎದ್ದು ನಿಂತು ಸತ್ಯವನ್ನೇ ಹೇಳುವ ವಕೀಲರು ಬೇಕಾಗಿದ್ದಾರೆ. ಮುಂದಿನ ಕೋರ್ಸನ್ನು ಆರಿಸುವ ಮೊದಲು, ಆ ವಕೀಲ ನೀವೇ ಏಕಾಗಬಾರದು ಎಂದು ಒಮ್ಮೆ ಯೋಚಿಸಿ.