ಎರಡು ಬಣಗಳ ನಡುವೆ ನಿಂತ ಜನರಲ್ ತಿಮ್ಮಯ್ಯ

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯ ಹಿರಿಯರು ಕೇಳಿದಾಗ, ನಮ್ಮ ಸಮಾಜ ವಿಜ್ಞಾನದ ತರಗತಿ ನೆನಪಾಯಿತು. ಶೀತಲ ಸಮರ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಅಮೆರಿಕ, ರಷ್ಯಾ ಎಂದು ಬರೆದು ಮುಗಿಸುತ್ತಿದ್ದೆವು. ಆ ಸಮರದ ನಟ್ಟನಡುವೆ ನಮ್ಮ ಕೊಡಗಿನವರೊಬ್ಬರು ನಿಂತಿದ್ದರೆಂದು ನನಗೆ ತಿಳಿದದ್ದು ಇಂಜಿನಿಯರಿಂಗ್ ಓದುವಾಗ. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಬೆಂಗಳೂರು, ಡೆಹ್ರಾಡೂನ್‌ಗಳಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೈನ್ಯಾಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಒಂದು ಬ್ರಿಗೇಡನ್ನೇ ಮುನ್ನಡೆಸಿದರು. ಭಾರತೀಯರಿಗೆ ಆಗ ಅಂಥ ಹೊಣೆ ಸಿಗುವುದು ತೀರಾ ಅಪರೂಪ. 1948ರಲ್ಲಿ 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ದಾರಿ ತೆರೆಸಿದವರೂ ಅವರೇ.

ಆದರೆ ನನಗೆ ಅವರು ದೊಡ್ಡವರಾಗಿ ಕಾಣುವುದು ಗುಂಡು ಹಾರಿಸದೆ ಮಾಡಿದ ಕೆಲಸದಿಂದ.

1945ರಲ್ಲಿ ಜಪಾನ್ ಸೋತಾಗ ಅದರ ಹಿಡಿತದಲ್ಲಿದ್ದ ಕೊರಿಯಾವನ್ನು 38ನೇ ಅಕ್ಷಾಂಶದಲ್ಲಿ ಎರಡಾಗಿ ಸೀಳಲಾಯಿತು. ಉತ್ತರಕ್ಕೆ ರಷ್ಯಾ ಸೇನೆ ಬಂತು, ದಕ್ಷಿಣಕ್ಕೆ ಅಮೆರಿಕದ ಸೇನೆ. ಯುದ್ಧದಲ್ಲಿ ಹೆಗಲು ಕೊಟ್ಟಿದ್ದ ಗೆಳೆಯರೇ ವೈರಿಗಳಾಗಿದ್ದರು. 1950ರ ಜೂನ್‌ನಲ್ಲಿ ಅಲ್ಲಿ ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಪರವಾಗಿ ಅಮೆರಿಕ, ಉತ್ತರದ ಪರವಾಗಿ ಚೀನಾ ಇಳಿದವು. ಸಂಧಾನ ಶುರುವಾದ ಮೇಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಗ್ಗಂಟಾಗಿ ಉಳಿದದ್ದು ಒಂದೇ ಪ್ರಶ್ನೆ: ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳನ್ನು ಏನು ಮಾಡುವುದು?

1953ರ ಜುಲೈನಲ್ಲಿ ಕದನವಿರಾಮವಾಯಿತು. ಈ ಕೈದಿಗಳ ವಿಚಾರಕ್ಕಾಗಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ ಸೇರಿದ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯಲು ಜನರಲ್ ಥೋರಟ್ ಅವರ ನೇತೃತ್ವದಲ್ಲಿ ಭಾರತದ ಪಡೆಯೂ ಹೋಯಿತು. ತನ್ನ ನೆಲದಲ್ಲಿ ಭಾರತದ ಸೈನಿಕರು ಕಾಲಿಡಕೂಡದೆಂದು ದಕ್ಷಿಣ ಕೊರಿಯಾ ಹಟ ಹಿಡಿದಿದ್ದರಿಂದ, ಅವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲೇ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು.

ಹೀಗೆ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು, ಇನ್ನೊಂದು ಕಡೆಯ 359 ಕೈದಿಗಳು ಭಾರತದ ವಶಕ್ಕೆ ಬಂದರು. ಒಬ್ಬೊಬ್ಬನನ್ನೂ ಡೇರೆಯೊಳಗೆ ಕರೆತರುವುದು, ಅವನ ದೇಶದವರು ಮನೆಗೆ ಬಾ ಎಂದು ತಿಳಿಹೇಳುವುದು, ಬಳಿಕ ಅವನು ಎರಡು ಬಾಗಿಲುಗಳಲ್ಲಿ ಒಂದನ್ನು ಆರಿಸಿ ಹೊರನಡೆಯುವುದು. ಇದು ಕ್ರಮ. ಆದರೆ ಶಿಬಿರಗಳಲ್ಲಿ ಕೈದಿಗಳ ಮುಖಂಡರೇ ಉಳಿದವರನ್ನು ಬೆದರಿಸಿ ಹಿಡಿದಿಟ್ಟಿದ್ದರು. ಬಹುಪಾಲು ಜನ ಡೇರೆಯತನಕ ಬರಲೇ ಇಲ್ಲ. ಬಲ ಪ್ರಯೋಗಿಸಿ ಎಳೆತಂದರೆ ರಕ್ತಪಾತ. ಬಿಟ್ಟರೆ ಕರ್ತವ್ಯಲೋಪದ ದೂರು. ತಿಮ್ಮಯ್ಯ ರಕ್ತಪಾತಕ್ಕೆ ಒಪ್ಪಲಿಲ್ಲ.

ಗಡುವು ಹತ್ತಿರವಾದಾಗ ಕೈದಿಗಳನ್ನು ಬಿಟ್ಟುಬಿಡಿ ಎಂದಿತು ಒಂದು ಬಣ. ಇನ್ನೂ ಇಟ್ಟುಕೊಳ್ಳಿ ಎಂದಿತು ಇನ್ನೊಂದು. ಇವೆರಡಕ್ಕೂ ತಮಗೆ ಅಧಿಕಾರವಿಲ್ಲವೆಂದು ಕಂಡ ತಿಮ್ಮಯ್ಯ, 1954ರ ಜನವರಿಯಲ್ಲಿ ಕೈದಿಗಳನ್ನು ಯಾರಿಂದ ಪಡೆದಿದ್ದರೋ ಅವರಿಗೇ ಒಪ್ಪಿಸಿದರು. ಎರಡೂ ಕಡೆಯವರಿಗೆ ಅಸಮಾಧಾನ. ಆದರೆ ನಿಂತ ಯುದ್ಧ ಮತ್ತೆ ಹೊತ್ತಿಕೊಳ್ಳಲಿಲ್ಲ. 21 ಮಂದಿ ಅಮೆರಿಕನ್ನರು ಚೀನಾಕ್ಕೆ ಹೋದರು, ಸಾವಿರಾರು ಚೀನೀಯರು ತೈವಾನಿಗೆ ಹೋದರು. ಯಾವ ಬಣವೂ ಬೇಡವೆಂದ 80ಕ್ಕೂ ಹೆಚ್ಚು ಜನ ನಮ್ಮ ಪಡೆಯೊಂದಿಗೆ ಭಾರತಕ್ಕೆ ಬಂದರು. ಆ ವರ್ಷವೇ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು.

1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ನಂತರವೂ ಮಧ್ಯಸ್ಥಿಕೆ ಅವರನ್ನು ಬಿಡಲಿಲ್ಲ. 1964ರಲ್ಲಿ ಗ್ರೀಕರು ಮತ್ತು ತುರ್ಕರು ಕಾದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾದರು. 1965ರ ಡಿಸೆಂಬರ್ 18ರಂದು ಅಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ಆ ಪುಟ್ಟ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಬದುವಿನ ಜಗಳಕ್ಕೋ ನೀರಿನ ತಕರಾರಿಗೋ ಪಂಚಾಯಿತಿ ಕೂರುವ ಹಿರಿಯರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ತೀರ್ಮಾನವಾದ ಮೇಲೆ ಎರಡೂ ಕಡೆಯವರು ಮುಖ ತಿರುಗಿಸುತ್ತಾರೆ. ಆದರೂ ಯಾರಾದರೂ ನಡುವೆ ಕೂರಲೇಬೇಕು, ಇಲ್ಲದಿದ್ದರೆ ದೊಣ್ಣೆಗಳೇ ಮಾತಾಡುತ್ತವೆ. ತಟಸ್ಥನಾಗಿರುವುದೆಂದರೆ ಕೈಕಟ್ಟಿ ಕೂರುವುದಲ್ಲ ಎಂಬುದನ್ನು ನಾನು ತಿಮ್ಮಯ್ಯನವರ ಬದುಕಿನಿಂದ ಕಲಿತೆ.

ಪ್ರೀತಿಯ ವಿದ್ಯಾರ್ಥಿಗಳೇ, ಇಂದು ಅಮೆರಿಕ ಮತ್ತು ಚೀನಾ ನಡುವಿನ ಪೈಪೋಟಿ ನಿಮ್ಮ ಕೈಯ ಮೊಬೈಲಿನ ಚಿಪ್‌ವರೆಗೂ ಬಂದಿದೆ. ಯಾರು ಗೆಲ್ಲುತ್ತಾರೆಂದು ಕೇಳುವಾಗ, ನಡುವೆ ಸಿಕ್ಕಿಕೊಂಡವರು ಯಾರೆಂದೂ ಕೇಳಿ. ಶೈಕ್ಷಣಿಕ ಪ್ರವಾಸಕ್ಕೆ ಮಡಿಕೇರಿಗೆ ಹೋದರೆ ರಾಜಾಸೀಟು ನೋಡಿ ವಾಪಸಾಗಬೇಡಿ. ತಿಮ್ಮಯ್ಯನವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಗೂ ಒಂದು ಗಂಟೆ ಕೊಡಿ.